ಪೊರೆ ಬಿಡದ ಹಾವು: ಮಾತು, ಆಚರಣೆ ಮತ್ತು ಆರೈಕೆ (ಸಾಂಗ್ಲಿ ಸೀಮೆಯನ್ನು ಮುಂದಿಟ್ಟುಕೊಂಡು)

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಸಂವಾದದ ಆಯ್ದ ಭಾಗವಿದೆ.)



ನಾನು ಓದ್ತಾ ಇರೋದು ಕನ್ನಡ ಸಾಹಿತ್ಯ. ಹಾಗಿರುವಾಗ ಹಾವಿನ ಚರ್ಮದ ಬಗ್ಗೆ ಯಾಕೆ ಮಾತು ಅಂತ ಕೆಲವರಿಗೆ ಅನಿಸಬಹುದು. ಕಾರಣ ಸರಳ. ಸಾಂಗ್ಲಿ ಜಿಲ್ಲೆ ಕನ್ನಡ ಮತ್ತು ಮರಾಠಿ ಎರಡೂ ಕೇಳುವ ಸೀಮೆ. ಜತ್ ತಾಲೂಕಿನ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಮಿರಜ್ ಪೇಟೆಯಲ್ಲಿ ಎರಡೂ ನಡೀತಾವೆ. ಇದೇ ಜಿಲ್ಲೆಯ ಪಶ್ಚಿಮ ತುದಿಯಲ್ಲಿ ಬತ್ತೀಸ ಶಿರಾಳಾ ಇದೆ. ನಾಗರಪಂಚಮಿಗೆ ಜೀವಂತ ನಾಗರಹಾವನ್ನು ಹಿಡಿದು ತಂದು ಪೂಜಿಸುತ್ತಿದ್ದ ಊರದು. ಮನುಷ್ಯರ ಕೈಗೆ ಬಂದ ಹಾವಿನ ಬಗ್ಗೆ ಮಾತಾಡಲು ಇದಕ್ಕಿಂತ ಹತ್ತಿರದ ಜಾಗ ನನಗೆ ತೋಚಲಿಲ್ಲ. ಹಾವು ಮನುಷ್ಯರ ಕೈಗೆ ಬಂದಾಗ ಮೊದಲು ಕೆಡುವ ಸಂಗತಿಗಳಲ್ಲಿ ಪೊರೆ ಬಿಡುವುದೂ ಒಂದು.

ಇವತ್ತಿನ ನನ್ನ ವಾದ ಇಷ್ಟು: ನಮ್ಮ ಭಾಷೆ ಮತ್ತು ಆಚರಣೆ ಎರಡೂ ಕಳಚಿ ಬಿದ್ದ ಪೊರೆಯನ್ನು ನೋಡಿವೆ, ಕಳಚುತ್ತಿರುವ ಹಾವನ್ನು ಅಷ್ಟಾಗಿ ನೋಡಿಲ್ಲ. ಹಾಗಾಗಿ ಸಹಾಯ ಮಾಡಲು ಹೋದವರ ಕೈ ಮೊದಲು ಎಳೆಯೋದಕ್ಕೇ ಹೋಗುತ್ತೆ. ಎಳೆದರೆ ಹಾವಿನ ಕಣ್ಣೇ ಹೋಗಬಹುದು.

1. ಪೊರೆ ಎಂಬ ಮಾತು

ಕನ್ನಡದಲ್ಲಿ ಪೊರೆ ಅಂದರೆ ಪದರ. ಹಾವು ಬಿಟ್ಟಿದ್ದೂ ಪೊರೆ, ಆಡುಮಾತಿನಲ್ಲಿ ಪರೆ. ವಯಸ್ಸಾದವರ ಕಣ್ಣಿಗೆ ಬರೋದೂ ಪೊರೆಯೇ. ‘ಕಣ್ಣಿಗೆ ಪೊರೆ ಬಂದದ, ಮಿರಜಿಗೆ ಹೋಗಿ ತೆಗಿಸಬೇಕು’ ಅನ್ನುವ ಮಾತು ಗಡಿಯ ಈಚೆಗೆ ಎಷ್ಟು ಮನೆಗಳಲ್ಲಿ ಕೇಳಿಲ್ಲ! ಇನ್ನು ಕ್ರಿಯಾಪದವಾದರೆ, ಪೊರೆ ಅಂದರೆ ಕಾಪಾಡು, ಸಲಹು. ಈ ನಾಮಪದ, ಕ್ರಿಯಾಪದ ಒಂದೇ ಬೇರಿನವು ಅಂತ ನಾನು ವಾದಿಸ್ತಿಲ್ಲ. ಆದರೆ ಕಿವಿಗೆ ಎರಡೂ ಒಂದೇ ಥರ ಕೇಳಿಸ್ತಾವೆ, ಮತ್ತು ಇವತ್ತಿನ ವಿಷಯಕ್ಕೆ ಮೂರು ಅರ್ಥಗಳೂ ಬೇಕಾಗ್ತಾವೆ.

ಮರಾಠಿಯಲ್ಲಿ ಇದಕ್ಕೆ ‘ಕಾತ’ ಅಂತಾರೆ. ‘ಕಾತ ಟಾಕಣೆ’ ಅನ್ನೋದು ನುಡಿಗಟ್ಟು. ಒಂದು ಊರು, ಒಂದು ಸಂಸ್ಥೆ, ಒಬ್ಬ ಮನುಷ್ಯ ಹಳೆಯದನ್ನು ಬಿಟ್ಟು ಹೊಸದಾದರೆ ‘ಕಾತ ಟಾಕಲಿ’ ಅಂತಾರೆ. ಕನ್ನಡದಲ್ಲೂ ‘ಪೊರೆ ಕಳಚಿದ ಹಾಗೆ’ ಅನ್ನೋ ಮಾತಿಗೆ ಅದೇ ಧ್ವನಿ. ಸಂಸ್ಕೃತದ ನಿರ್ಮೋಕ ಅನ್ನುವ ಪದದಲ್ಲೇ ಬಿಡುಗಡೆ ಇದೆ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಹುತ್ತದ ಮೇಲೆ ಬಿದ್ದಿರುವ ಹಾವಿನ ಪೊರೆಯನ್ನು, ಆತ್ಮ ಬಿಟ್ಟುಹೋದ ದೇಹಕ್ಕೆ ಹೋಲಿಸಿದ್ದಾರೆ. ಸುಶ್ರುತ ಸಂಹಿತೆಯಲ್ಲಿ ಹೆರಿಗೆ ಸಿಕ್ಕಿಕೊಂಡಾಗ ಕೃಷ್ಣಸರ್ಪದ ನಿರ್ಮೋಕದ ಧೂಪ ಹಾಕಲು ಹೇಳಿದೆ. ಚಿಕಿತ್ಸೆಯಾಗಿ ಅದರ ಬೆಲೆ ಏನೇ ಇರಲಿ, ಹಿಂದಿನ ಕಲ್ಪನೆ ಸ್ಪಷ್ಟವಾಗಿದೆ: ಹಾವಿನಷ್ಟು ಸಲೀಸಾಗಿ ಕಳಚಿಕೊಳ್ಳುವ ಜೀವಿ ಬೇರೊಂದಿಲ್ಲ.

ಈ ಎಲ್ಲ ಕಡೆಯೂ ಪೊರೆ ಬಿಡೋದು ಒಂದು ಕ್ಷಣದ ಕೆಲಸ. ಬಿಟ್ಟಾಯ್ತು, ಹೊಸದಾಯ್ತು. ಬಿಡಲಾಗದ ಹಾವಿಗೆ ಈ ನುಡಿಗಟ್ಟುಗಳಲ್ಲಿ ಜಾಗ ಇಲ್ಲ.

2. ಹಾವಿನ ಕಡೆಯಿಂದ ನೋಡಿದರೆ

ನಿಜದಲ್ಲಿ ಇದು ಒಂದರಿಂದ ಎರಡು ವಾರದ ಕೆಲಸ. ಹಾವಿನ ಚರ್ಮದ ಹೊರಪದರ ಕೆರಟಿನ್‌ನಿಂದ ಆದದ್ದು, ನಮ್ಮ ಉಗುರಿನ ವಸ್ತುವೇ. ಅದರ ಅಡಿಯಲ್ಲಿ ಹೊಸ ಹೊರಪದರ ಪೂರ್ತಿ ತಯಾರಾಗಬೇಕು. ಆಮೇಲೆ ಹಳೆಯದು ಮತ್ತು ಹೊಸದರ ನಡುವೆ ದ್ರವ ತುಂಬಿಕೊಂಡು ಎರಡನ್ನೂ ಬೇರೆ ಮಾಡುತ್ತೆ. ಆಗ ಮೈ ಮಂಕಾಗುತ್ತೆ, ಹೊಟ್ಟೆಯ ಭಾಗ ಕೆಲವೊಮ್ಮೆ ಗುಲಾಬಿ ಛಾಯೆ ತಾಳುತ್ತೆ, ಕಣ್ಣು ಹಾಲು ಬೆರೆಸಿದ ನೀಲಿ ಬಣ್ಣಕ್ಕೆ ತಿರುಗುತ್ತೆ.

ಈ ಕಣ್ಣಿನ ಸಂಗತಿ ಮುಖ್ಯ. ಹಾವಿಗೆ ರೆಪ್ಪೆ ಇಲ್ಲ. ಕಣ್ಣನ್ನು ಕಾಯೋದು ಒಂದು ಪಾರದರ್ಶಕ ಹುರುಪೆ. ಇಂಗ್ಲಿಷ್‌ನಲ್ಲಿ ಅದನ್ನು ಸ್ಪೆಕ್ಟೆಕಲ್ ಅಂತಾರೆ, ಅಂದರೆ ಕನ್ನಡಕ. ನಾಗರದ ಹೆಡೆಯ ಮೇಲಿನ ಕನ್ನಡಕದ ಗುರುತು ಬೇರೆ, ಇದು ಬೇರೆ. ಈ ಹುರುಪೆಯೂ ಚರ್ಮದ ಭಾಗವೇ, ಆದ್ದರಿಂದ ಪ್ರತಿ ಸಲವೂ ಪೊರೆಯ ಜೊತೆಗೇ ಕಳಚಬೇಕು. ಹಳೆಯ ಕನ್ನಡಕದ ಅಡಿಯಲ್ಲಿ ದ್ರವ ತುಂಬಿದ ಕೆಲವು ದಿನ ಹಾವಿಗೆ ಸರಿಯಾಗಿ ಕಾಣೋದಿಲ್ಲ. ಕನ್ನಡ ಇದನ್ನೂ ಕಣ್ಣಿನ ಪೊರೆ ಅನ್ನಬಹುದು, ತಪ್ಪೇನಿಲ್ಲ. ಆದರೆ ಇದು ರೋಗ ಅಲ್ಲ, ಇದಕ್ಕೆ ಔಷಧಿ ಬೇಡ.

ನಾಲ್ಕೈದು ದಿನಕ್ಕೆ ಕಣ್ಣು ಮತ್ತೆ ತಿಳಿಯಾಗುತ್ತೆ. ತಿಳಿಯಾದ ಮೇಲೆ ಇನ್ನೂ ಎರಡು-ಮೂರು ದಿನ, ಒಮ್ಮೊಮ್ಮೆ ಹೆಚ್ಚು, ಕಳೆದು ನಿಜವಾದ ಕಳಚುವಿಕೆ. ಹಾವು ಮೂತಿಯನ್ನು ಕಲ್ಲಿಗೋ ಕೊರಡಿಗೋ ಉಜ್ಜಿ ತುಟಿಯ ಹತ್ತಿರ ಪೊರೆ ಬಿಡಿಸಿಕೊಳ್ಳುತ್ತೆ, ಆಮೇಲೆ ಮುಂದೆ ಹರಿಯುತ್ತಾ ಹೋಗುತ್ತೆ. ಕಾಲುಚೀಲವನ್ನು ಮೇಲಿನಿಂದ ಒಳಹೊರಗು ಮಾಡಿ ತೆಗೆದ ಹಾಗೆ, ಪೊರೆ ತಲೆಯಿಂದ ಬಾಲದವರೆಗೆ ತಿರುವಿಕೊಂಡು ಬರುತ್ತೆ. ಎಳೆದು ಹಿಗ್ಗಿರೋದರಿಂದ ಪೊರೆ ಹಾವಿಗಿಂತ ಉದ್ದ ಇರುತ್ತೆ. ಪೊರೆ ನೋಡಿ ‘ಎಂಟಡಿ ಹಾವು’ ಅನ್ನೋರ ಮಾತನ್ನು ಸ್ವಲ್ಪ ಇಳಿಸಿಕೊಂಡೇ ಕೇಳಬೇಕು.

ಬೆಳೆಯುವ ಮರಿಗಳು ತಿಂಗಳಿಗೊಮ್ಮೆ ಬಿಡಬಹುದು, ದೊಡ್ಡವು ವರ್ಷಕ್ಕೆ ಕೆಲವೇ ಸಲ. ಈ ಹೊತ್ತಿನಲ್ಲಿ ಹಾವು ಊಟ ಬಿಡುತ್ತೆ, ಅಡಗುತ್ತೆ, ಮುಟ್ಟಿದರೆ ಬೇಗ ಸಿಡುಕುತ್ತೆ. ಕಾಣದ ಜೀವಕ್ಕೆ ಭಯ ಸಹಜ.

3. ಶಿರಾಳದ ಮಡಕೆ

ಈಗ ಶಿರಾಳಾಕ್ಕೆ ಬರೋಣ. ಊರಿನ ನಂಬಿಕೆಯ ಪ್ರಕಾರ ಜೀವಂತ ನಾಗನ ಪೂಜೆಯನ್ನು ಅಲ್ಲಿ ಶುರುಮಾಡಿಸಿದವರು ಗೋರಕ್ಷನಾಥರು. ಪಂಚಮಿಗೆ ಮುಂಚೆ ಗುಂಪುಗಳು ಹೊಲ, ಬದು, ಹಳ್ಳದ ದಂಡೆಗಳಲ್ಲಿ ನಾಗರ ಹಿಡಿದು ಮಣ್ಣಿನ ಮಡಕೆಗಳಲ್ಲಿ ಇಟ್ಟುಕೊಳ್ಳುತ್ತಿದ್ದರು. ಹಬ್ಬದ ದಿನ ಪೂಜೆ, ಅಂಬಾಬಾಯಿ ಗುಡಿಗೆ ಮೆರವಣಿಗೆ, ಹಾವುಗಳ ಪೈಪೋಟಿ. ಆಮೇಲೆ ಹಿಡಿದಲ್ಲಿಗೇ ಬಿಟ್ಟು ಬರುವುದು ಪದ್ಧತಿ. ಆ ಊರಿನವರು ಹಾವನ್ನು ದ್ವೇಷಿಸಿದವರಲ್ಲ ಅನ್ನೋದನ್ನು ಮರೆಯಬಾರದು. ಅವರ ಮಟ್ಟಿಗೆ ಅದು ಪೊರೆಯುವ ಕೆಲಸವೇ.

ಆದರೆ ಹಾವಿನ ಪಂಚಾಂಗ ಬೇರೆ. ಹಲವು ದಿನ ಹಿಡಿದಿಟ್ಟ ಹತ್ತಾರು ಹಾವುಗಳಲ್ಲಿ ಕೆಲವು ಆ ದಿನಗಳಲ್ಲೇ ಪೊರೆಗೆ ಬಂದಿರಲೇಬೇಕು. ಮಣ್ಣಿನ ಮಡಕೆ ತಂಪು, ಕತ್ತಲು, ಇಕ್ಕಟ್ಟು. ಇಷ್ಟರ ಮಟ್ಟಿಗೆ ಹಾವಿಗೆ ಒಗ್ಗುವಂಥದ್ದು. ಆದರೆ ಅದರೊಳಗೆ ಮೂತಿ ಉಜ್ಜಲು ಒರಟು ಜಾಗ ಇಲ್ಲ, ಮೈ ಚಾಚಿ ಹರಿಯಲು ಉದ್ದ ಇಲ್ಲ. ಹೊರಗೆ ತೆಗೆದರೆ ಡೋಲು, ಜನ, ಅರಿಶಿನ ಕುಂಕುಮ. ಸಾಂಗ್ಲಿ ಅರಿಶಿನದ ಪೇಟೆ, ಅರಿಶಿನ ಇಲ್ಲದ ಪೂಜೆ ಇಲ್ಲ. ಆದರೆ ರೆಪ್ಪೆ ಇಲ್ಲದ, ಹೊಸ ಪದರ ಇನ್ನೂ ಎಳೆಯದಾಗಿರುವ ಕಣ್ಣಿನ ಮೇಲೆ ಪುಡಿ ಬಿದ್ದರೆ ಅದನ್ನು ಒರೆಸಿಕೊಳ್ಳಲು ಹಾವಿಗೆ ಕೈಯೂ ಇಲ್ಲ. ಹಾಲು ಹಾವಿನ ಆಹಾರ ಅಲ್ಲ. ಬಾಯಾರಿ ಕಂಗೆಟ್ಟ ಹಾವು ಏನನ್ನು ಇಟ್ಟರೂ ಕುಡಿಯಬಹುದು. ಅದಕ್ಕೆ ಬೇಕಾದ್ದು ನೀರು, ಪೊರೆಗೂ ಬೇಕಾದ್ದು ಅದೇ ನೀರು.

ಕಾನೂನು ಇಲ್ಲಿ ನಡುವೆ ಬಂತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ನಾಗರ ಸಂರಕ್ಷಿತ ಜೀವಿ, 2022ರ ತಿದ್ದುಪಡಿಯಲ್ಲಿ ಅದು ಮೊದಲನೇ ಅನುಸೂಚಿಗೆ ಏರಿತು. ಬಾಂಬೆ ಹೈಕೋರ್ಟಿನ ಆದೇಶಗಳ ಬಳಿಕ, ಮುಖ್ಯವಾಗಿ 2014ರಿಂದೀಚೆ, ಹಾವು ಹಿಡಿದು ಮೆರೆಸೋದನ್ನು ಬಿಗಿಯಾಗಿ ತಡೆದು, ಪೂಜೆ ಮೂರ್ತಿ ಮತ್ತು ಚಿತ್ರಕ್ಕೆ ಬದಲಾಯಿತು. 2025ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಸ್ಥಳೀಯ ತಿಳಿವಳಿಕೆಯ ಶಿಕ್ಷಣಕ್ಕಾಗಿ ಕೆಲವರಿಗೆ ಸೀಮಿತ ಅನುಮತಿ ಕೊಟ್ಟಿತು. ಆ ತಿಳಿವಳಿಕೆಯಲ್ಲಿ ಪೊರೆಯ ಪಾಠವೂ ಇರಲಿ ಅನ್ನೋದು ನನ್ನ ಆಸೆ. ನೀಲಿಗಣ್ಣಿನ ಹಾವನ್ನು ಯಾರೂ ಎತ್ತಬಾರದು ಅನ್ನುವ ಒಂದು ಮಾತು ಕಲಿಸಿದರೂ ಸಾಕು.

4. ಪೊರೆ ಯಾಕೆ ಸಿಕ್ಕಿಕೊಳ್ಳುತ್ತೆ

ಮುಖ್ಯ ಕಾರಣ ಒಣಗಾಳಿ. ಎರಡು ಪದರಗಳ ನಡುವಿನ ದ್ರವ ಆರಿದರೆ ಹಳೆಯದು ಹೊಸದಕ್ಕೆ ಅಂಟಿಕೊಳ್ಳುತ್ತೆ, ಇಡಿಯಾಗಿ ಬರುವ ಬದಲು ಚೂರುಚೂರಾಗಿ ಹರಿಯುತ್ತೆ.

ಸಾಂಗ್ಲಿ ಜಿಲ್ಲೆ ಇದಕ್ಕೆ ಒಳ್ಳೆ ಉದಾಹರಣೆ. ಪಶ್ಚಿಮಕ್ಕೆ ಶಿರಾಳಾ, ಚಾಂದೋಲಿ ಕಡೆ ಸಹ್ಯಾದ್ರಿಯ ಮಳೆ. ಪೂರ್ವಕ್ಕೆ ಜತ್, ಆಟಪಾಡಿ, ಕವಠೆ ಮಹಾಂಕಾಳ ಬರಗಾಲದ ಸೀಮೆ. ತಾಸಗಾಂವ್ ಕಡೆ ಬೇಸಿಗೆ ಬರುವ ಹೊತ್ತಿಗೆ ದ್ರಾಕ್ಷಿಯನ್ನು ನೆರಳಿನ ಚಪ್ಪರದಲ್ಲಿ ಹರಡಿದರೆ ಹದಿನೈದು ದಿನದ ಆಸುಪಾಸಿನಲ್ಲಿ ಒಣದ್ರಾಕ್ಷಿ ಆಗುತ್ತೆ. ಗಾಳಿ ಅಷ್ಟು ಒಣಗಿರುತ್ತೆ. ಅದೇ ಗಾಳಿಯಲ್ಲಿ, ಅದೇ ಹದಿನೈದು ದಿನದಲ್ಲಿ, ಗಾಜಿನ ಪೆಟ್ಟಿಗೆಯೊಳಗಿನ ಹಾವು ತನ್ನ ಪೊರೆಯನ್ನು ಹಸಿಯಾಗಿ ಇಟ್ಟುಕೊಳ್ಳಬೇಕು. ಬಯಲಿನ ಹಾವಾದರೆ ಇಲಿಬಿಲಕ್ಕೋ ಹುತ್ತಕ್ಕೋ ಇಳಿಯುತ್ತೆ, ಅಲ್ಲಿ ತೇವ ಇರುತ್ತೆ. ಪೆಟ್ಟಿಗೆಯ ಹಾವಿಗೆ ಇಳಿಯಲು ಜಾಗ ಇಲ್ಲ. ಮೇಲೆ ಬಲ್ಬಿನ ಶಾಖ, ಪಕ್ಕದಲ್ಲಿ ಏಸಿ ಇದ್ದರಂತೂ ಮುಗೀತು.

ಬೇರೆ ಕಾರಣಗಳೂ ಇವೆ: ನೀರಿನ ಕೊರತೆ, ಹುರುಪೆಗಳ ಸಂದಿಯಲ್ಲಿ ಕೂರುವ ಉಣ್ಣಿ ಮತ್ತು ನುಸಿ, ಹಳೆಯ ಗಾಯದ ಕಲೆ, ಚರ್ಮದ ಸೋಂಕು, ಪೌಷ್ಟಿಕಾಂಶದ ಕೊರತೆ, ನೀಲಿಗಣ್ಣಿನ ದಿನಗಳಲ್ಲಿ ಪದೇ ಪದೇ ಎತ್ತಿ ಹಿಡಿಯೋದು. ಒಮ್ಮೆ ಸಿಕ್ಕಿಕೊಂಡರೆ ಅದು ಗಾಳಿಯ ತಪ್ಪು ಅನ್ನಬಹುದು. ಪ್ರತಿ ಸಲವೂ ಸಿಕ್ಕಿಕೊಂಡರೆ ಒಳಗೆ ಬೇರೇನೋ ಇದೆ ಅಂತ ತಿಳೀಬೇಕು.

5. ಏನು ಮಾಡಬೇಕು, ಏನು ಮಾಡಬಾರದು

ಮೊದಲು ಯಾವ ಹಾವು ಅನ್ನೋದನ್ನು ನೋಡೋಣ. ನಾಗರ, ಕೇರೆ, ಹೆಬ್ಬಾವು ಹೀಗೆ ನಮ್ಮ ನಾಡಿನ ಹಾವನ್ನು ಮನೆಯಲ್ಲಿ ಸಾಕುವುದು ಅಪರಾಧ. ಅಂಥ ಹಾವು ಅರ್ಧ ಪೊರೆ ಹೊತ್ತು ಅಂಗಳದಲ್ಲಿ ಕಂಡರೆ, ದೂರ ನಿಂತು ಹೋಗಲು ದಾರಿ ಬಿಡಿ. ಬಾವಿ ಇಲ್ಲವೇ ಬಲೆಯಲ್ಲಿ ಸಿಕ್ಕಿದ್ದರೆ ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಕಣ್ಣು ಮಂಕಾದ ನಾಗರದ ವಿಷ ಮಂಕಾಗಿರೋದಿಲ್ಲ.

ಇನ್ನು ಪೇಟೆಗಳಲ್ಲಿ ಕೆಲವರು ಸಾಕುವ ಹೊರದೇಶದ ಹಾವುಗಳು, ಅಂದರೆ ಕಾರ್ನ್ ಸ್ನೇಕ್, ಬಾಲ್ ಪೈಥಾನ್ ಥರದವು. ಇವುಗಳಲ್ಲಿ ಬಾಲ್ ಪೈಥಾನ್ ಅಂತಾರಾಷ್ಟ್ರೀಯ ಸೈಟಿಸ್ ಪಟ್ಟಿಯಲ್ಲಿದೆ, 2024ರ ನಿಯಮಗಳ ಪ್ರಕಾರ ಅದನ್ನು ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಇಲ್ಲಿಂದ ಮುಂದೆ ಹೇಳೋದು ಕಾನೂನುಬದ್ಧವಾಗಿ ಇಟ್ಟುಕೊಂಡ, ವಿಷವಿಲ್ಲದ ಹಾವಿಗೆ ಮಾತ್ರ.

ಕಣ್ಣು ನೀಲಿಯಾದ ದಿನದಿಂದ ಹಾವನ್ನು ಎತ್ತಬೇಡಿ, ಊಟಕ್ಕೆ ಒತ್ತಾಯಿಸಬೇಡಿ. ಕುಡಿಯುವ ನೀರಿನ ಬಟ್ಟಲು ದೊಡ್ಡದಿರಲಿ. ಒಂದು ಮುಚ್ಚಳದ ಡಬ್ಬಿಗೆ ಹಾವು ನುಸುಳುವಷ್ಟು ತೂತು ಮಾಡಿ, ಒಳಗೆ ಒದ್ದೆ ಮಾಡಿ ಹಿಂಡಿದ ಪಾಚಿಯನ್ನೋ ತೆಂಗಿನ ನಾರನ್ನೋ ಹಾಕಿಡಿ. ಇದೇ ನಮ್ಮ ಹುತ್ತ. ಹೈಗ್ರೋಮೀಟರ್ ಇದ್ದರೆ ಪೆಟ್ಟಿಗೆಯ ತೇವಾಂಶ ಈ ದಿನಗಳಲ್ಲಿ ಶೇ. 60ರಿಂದ 70ರ ಹತ್ತಿರ ಇರುವ ಹಾಗೆ ನೋಡಿಕೊಳ್ಳಿ. ಒರಟಾದ ಒಂದು ಕಲ್ಲು ಅಥವಾ ಕೊರಡು ಇರಲಿ. ಇಷ್ಟು ಮಾಡಿದರೆ ಬಹುಪಾಲು ಹಾವುಗಳು ಉಳಿದದ್ದನ್ನು ತಾವೇ ಮಾಡಿಕೊಳ್ತಾವೆ. ಪೆಟ್ಟಿಗೆಯನ್ನು ವರ್ಷವಿಡೀ ಒದ್ದೆಯಾಗಿಡೋದೂ ತಪ್ಪು. ಅದರಿಂದ ಹೊಟ್ಟೆಯ ಹುರುಪೆ ಕೊಳೆಯುತ್ತೆ, ಬೊಬ್ಬೆ ಏಳುತ್ತೆ.

ಆದರೂ ಚೂರುಗಳು ಉಳಿದರೆ, ಉಗುರುಬೆಚ್ಚಗೂ ಕಡಿಮೆ, ಸುಮಾರು 28ರಿಂದ 30 ಡಿಗ್ರಿ ಸೆಲ್ಸಿಯಸ್ ನೀರನ್ನು ಹಾವಿನ ಮೈ ದಪ್ಪಕ್ಕಿಂತ ಆಳವಿಲ್ಲದಷ್ಟು ಹಾಕಿ, ಇಪ್ಪತ್ತು-ಮೂವತ್ತು ನಿಮಿಷ ಅದರಲ್ಲಿ ಬಿಡಿ. ಪಕ್ಕದಲ್ಲೇ ಕೂತಿರಿ. ಆಮೇಲೆ ಒದ್ದೆ ಟವೆಲ್ಲನ್ನು ಸಡಿಲವಾಗಿ ಹಿಡಿದು ಅದರ ನಡುವೆ ಹಾವನ್ನು ಹರಿಯಲು ಬಿಡಿ. ನಿಮ್ಮ ಕೈ ಸುಮ್ಮನೆ ಇರಲಿ, ಹಾವು ಚಲಿಸಲಿ. ಪೊರೆ ಬಿಡಿಸೋದು ಹಾವಿನ ಚಲನೆ, ನಮ್ಮ ಬೆರಳಲ್ಲ. ಬರದಿದ್ದರೆ ನಾಳೆ ಮತ್ತೆ ಮಾಡಿ. ಎಣ್ಣೆ, ಮುಲಾಮು, ಮನೆಮದ್ದು ಬೇಡ.

ಎರಡು ಕಡೆ ಮಾತ್ರ ಜಾಸ್ತಿ ಎಚ್ಚರ ಬೇಕು. ಒಂದು ಬಾಲದ ತುದಿ. ಅಲ್ಲಿ ಪೊರೆ ಉಂಗುರದ ಹಾಗೆ ಉಳಿದು ಒಣಗಿದರೆ, ಬೆರಳಿಗೆ ದಾರ ಬಿಗಿದ ಹಾಗೆ ರಕ್ತ ನಿಲ್ಲುತ್ತೆ, ತುದಿ ಕಪ್ಪಾಗಿ ಉದುರುತ್ತೆ. ಎರಡನೆಯದು ಕಣ್ಣು. ಉಳಿದ ಕನ್ನಡಕವನ್ನು ಚಿಮಟ, ಟೇಪು, ಉಗುರು ಯಾವುದರಿಂದಲೂ ಎಳೆಯಬಾರದು. ಅದರ ಅಡಿಯಲ್ಲೇ ಹೊಸ ಕನ್ನಡಕ ಅಂಟಿಕೊಂಡಿರುತ್ತೆ. ಅದೂ ಕಿತ್ತುಬಂದರೆ ಕಾರ್ನಿಯಾ ಬಯಲಾಗಿ, ಒಣಗಿ, ಕಣ್ಣು ಹೋಗುತ್ತೆ. ತೇವ ಹೆಚ್ಚಿಸಿ ಮುಂದಿನ ಪೊರೆಗೆ ಕಾದರೆ ಎಷ್ಟೋ ಸಲ ಎರಡೂ ಒಟ್ಟಿಗೆ ಬರ್ತಾವೆ. ಆಗಲೂ ಬರದಿದ್ದರೆ, ಕಣ್ಣು ಊದಿದ್ದರೆ, ಗುಳಿ ಬಿದ್ದಿದ್ದರೆ ಹಾವಿನ ಚಿಕಿತ್ಸೆ ಬಲ್ಲ ಪಶುವೈದ್ಯರ ಹತ್ತಿರ ಹೋಗಬೇಕು. ಅಂಥವರು ಯಾರು, ಎಲ್ಲಿದ್ದಾರೆ ಅನ್ನೋದನ್ನು ಹಾವು ತರುವ ಮೊದಲೇ ವಿಚಾರಿಸಿಟ್ಟುಕೊಂಡಿರಬೇಕು.

6. ಪೊರೆಯನ್ನು ಓದುವುದು

ಕೊನೆಯದಾಗಿ ಒಂದು ಮಾತು. ಹಸ್ತಪ್ರತಿ ತರಗತಿಯಲ್ಲಿ ನಮಗೆ ಮೊದಲು ಕಲಿಸೋದು ಓಲೆಗಳನ್ನು ಎಣಿಸೋದು: ಎಲ್ಲಿ ಗರಿ ತಪ್ಪಿದೆ, ಎಲ್ಲಿ ಪಾಠ ತ್ರುಟಿತವಾಗಿದೆ ಅಂತ. ಬಿಟ್ಟ ಪೊರೆಯನ್ನೂ ಹಾಗೇ ಓದಬೇಕು. ಎಸೆಯುವ ಮುಂಚೆ ನೀರಲ್ಲಿ ನೆನೆಸಿ, ನೆಲದ ಮೇಲೆ ಉದ್ದಕ್ಕೆ ಬಿಡಿಸಿ. ತಲೆಯ ಭಾಗದಲ್ಲಿ ಎರಡು ಪುಟ್ಟ ಗಾಜಿನ ಬಟ್ಟಲಿನಂಥ ಹುರುಪೆ ಇರಬೇಕು. ಅಲ್ಲಿ ತೂತಿದ್ದರೆ ಕನ್ನಡಕ ಹಾವಿನ ಕಣ್ಣಲ್ಲೇ ಉಳಿದಿದೆ ಅಂತ ಅರ್ಥ. ಬಾಲದ ಕೊನೆ ಚೂಪಾಗಿ ಮುಚ್ಚಿರಬೇಕು. ತೆರೆದಿದ್ದರೆ ತುದಿ ಉಳಿದಿದೆ. ಪ್ರತಿ ಪೊರೆಯ ತಾರೀಖು, ಎಷ್ಟು ತುಂಡು, ಏನು ಉಳಿಯಿತು ಅಂತ ಒಂದು ವಹಿಯಲ್ಲಿ ಬರೆದಿಟ್ಟರೆ, ವೈದ್ಯರಿಗೆ ಅದಕ್ಕಿಂತ ಒಳ್ಳೆ ದಾಖಲೆ ಬೇರೆ ಸಿಗೋದಿಲ್ಲ. ಕವಿಗಳು ನೋಡಿದ್ದು ಇದೇ ಪೊರೆಯನ್ನು. ಅದರಲ್ಲಿ ಏನು ಇಲ್ಲ ಅನ್ನೋದನ್ನು ಓದುವ ಕೆಲಸ ಸಾಕುವವರದ್ದು.

ಇಷ್ಟು ಹೇಳಿ ನನ್ನ ಮಂಡನೆ ಮುಗಿಸ್ತೇನೆ.

ಸಂವಾದ

ಪ್ರಶ್ನೆ: ಪೊರೆ ಬಿಟ್ಟ ಹಾವಿಗೆ ಸಿಟ್ಟು ಜಾಸ್ತಿ, ವಿಷ ಜಾಸ್ತಿ ಅಂತಾರಲ್ಲ, ಖರೇನಾ?

ಉತ್ತರ: ಬಿಡುವ ಮುಂಚೆ ಕಣ್ಣು ಕಾಣದ ಕಾರಣ ಬೇಗ ಬೆದರುತ್ತೆ, ಆ ಮಟ್ಟಿಗೆ ಸಿಟ್ಟಿನ ಮಾತು ಸರಿ. ಬಿಟ್ಟ ಮೇಲೆ ಹಸಿವೂ ಆಗಿರುತ್ತೆ, ಓಡಾಟ ಹೆಚ್ಚು. ವಿಷಕ್ಕೂ ಪೊರೆಗೂ ಸಂಬಂಧ ಇಲ್ಲ.

ಪ್ರಶ್ನೆ: ಕೃಷ್ಣಾ ನದಿಗೆ ಪೂರ ಬಂದಾಗ ನಮ್ಮ ಕಡೆ ಮನಿಯೊಳಗ ಹಾವು ಬರ್ತಾವ. 2019ರಾಗ ಹಂಗ ಆತು. ಅಂಥ ಹಾವಿನ ಮೈಮ್ಯಾಲ ಪರೆ ಹರಕಲ ಇದ್ರ ತೆಗದು ಬಿಡೋದು ಪುಣ್ಯ ಅಲ್ಲೇನ್ರಿ?

ಉತ್ತರ: ನಿಮ್ಮ ಮನಸ್ಸು ಒಳ್ಳೇದು. ಆದರೆ ಪೂರದ ಹಾವಿಗೆ ತೇವದ ಕೊರತೆ ಇಲ್ಲ. ಅದಕ್ಕೆ ಬೇಕಾದ್ದು ಒಣ ಎತ್ತರದ ಜಾಗ, ಒಂದು ಸಂದಿ, ಜನ ಇಲ್ಲದ ಒಂದೆರಡು ತಾಸು. ಅರ್ಧ ಬಿಟ್ಟ ಪೊರೆ ಅಂದರೆ ಅದು ಕೆಲಸ ನಡೆಸ್ತಾ ಇದೆ ಅಂತಲೂ ಆಗಬಹುದು. ಮಕ್ಕಳನ್ನು, ನಾಯಿಯನ್ನು ದೂರ ಇಟ್ಟು ಇಲಾಖೆಗೆ ಫೋನ್ ಮಾಡಿ. ಪುಣ್ಯದ ಲೆಕ್ಕದಲ್ಲಿ ಅದೇನೂ ಕಡಿಮೆ ಆಗೋದಿಲ್ಲ.

ಪ್ರಶ್ನೆ: ನಿಮ್ಮ ಮಾತಿನ ಪ್ರಕಾರ ‘ಪೊರೆ ಕಳಚು’ ಅನ್ನುವ ರೂಪಕವನ್ನೇ ಬಿಡಬೇಕೇ?

ಉತ್ತರ: ಬಿಡೋದು ಬೇಡ, ಸ್ವಲ್ಪ ನಿಧಾನವಾಗಿ ಬಳಸೋಣ. ಒಂದು ಊರು ಪೊರೆ ಕಳಚುತ್ತಿದೆ ಅಂದಾಗ, ಅದರ ಕಣ್ಣು ಕೆಲವು ದಿನ ಮಂಕಾಗಿರುತ್ತೆ, ಮುಟ್ಟಿದರೆ ಸಿಡುಕುತ್ತೆ, ಅದಕ್ಕೆ ನೀರೂ ನೆರಳೂ ಬೇಕು ಅನ್ನೋದೂ ಆ ಮಾತಿನೊಳಗೆ ಬರಲಿ. ಶಿರಾಳಾ ಈಗ ಅಂಥ ಹೊತ್ತಿನಲ್ಲೇ ಇದೆ ಅಂತ ನನಗೆ ಅನಿಸುತ್ತೆ. ಹೊರಗಿನಿಂದ ಎಳೆದರೆ ಅಲ್ಲೂ ಹರಿಯೋದೇ ಹೆಚ್ಚು.